ಮೂತಿಹುಳಕ್ಕೆ ಯಾರ ಹೆಸರು?

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಎಳ್ಳುಕಾಳಿನಷ್ಟಿದ್ದ ಒಂದು ಹುಳ. ಬದುಕಿದ್ದಾಗ ಯಾರ ತಂಟೆಗೂ ಹೋಗದ ಪಾಪದ ಪ್ರಾಣಿ. ಸತ್ತ ಮೇಲೆ ಒಂದು ಕಚೇರಿಯನ್ನೂ ಒಂದು ಸಂಸಾರವನ್ನೂ ಒಂದೇ ದಿನದಲ್ಲಿ ಅಲ್ಲಾಡಿಸಿಬಿಟ್ಟಿತು ಅಂದರೆ ಅದರ ಕಾಲ್ಗುಣ ಎಂಥದ್ದಿರಬೇಕು ನೋಡಿ. ಕಾಲೇನು ಕಡಿಮೆಯೇ, ಆರು!

ಹುಳ ಸಿಕ್ಕಿದ್ದು ಹುಳದ ಮೇಷ್ಟ್ರಿಗೆ. ಇವರು ಪಾಠ ಹೇಳುವ ಮೇಷ್ಟ್ರಲ್ಲ. ಪ್ರಾಣಿ ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಕೂತು, ಸತ್ತ ಹುಳಗಳಿಗೆ ಸೂಜಿ ಚುಚ್ಚಿ, ಯಾವುದು ಯಾವ ಕುಲಕ್ಕೆ ಸೇರಿದ್ದು ಎಂದು ವಿಂಗಡಿಸಿ, ಚೀಟಿ ಅಂಟಿಸುವುದು ಅವರ ಕೆಲಸ. ದಪ್ಪ ಕನ್ನಡಕ ಹಾಕಿಕೊಂಡು ಮೆತ್ತಗೆ ಮಾತಾಡುವವರನ್ನು ಜನ ತಾವಾಗಿಯೇ ಮೇಷ್ಟ್ರು ಮಾಡಿಬಿಡುತ್ತಾರೆ, ಅಷ್ಟೆ. ಹೊಸ ಹುಳ ಹುಡುಕುತ್ತೇನೆಂದು ವರ್ಷಗಟ್ಟಲೆ ಕಾಡುಮೇಡು ಅಲೆದು, ಕಂಡ ಕಂಡ ಜಿಗಣೆಗಳಿಗೆಲ್ಲ ರಕ್ತದಾನ ಮಾಡಿ ಬಂದರೂ ಅವರಿಗೆ ಒಂದೂ ಸಿಕ್ಕಿರಲಿಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಅಂತೀರಿ? ತಮ್ಮದೇ ಮೇಜಿನ ಡ್ರಾಯರಿನಲ್ಲಿ, ಅರ್ಧ ತಿಂದು ಮರೆತ ಬಿಸ್ಕತ್ತಿನ ಪೊಟ್ಟಣದೊಳಗೆ. ಮುಂದೆ ಉದ್ದಕ್ಕೆ ಬಾಗಿದ ಮೂತಿ, ಹಿಂದೆ ಹಳದಿ ಚುಕ್ಕೆ. ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಮೂತಿಹುಳ!

ಹೊಸ ಜೀವಿಗೆ ಹೆಸರಿಡುವ ಭಾಗ್ಯ ಅದನ್ನು ಮೊದಲು ವಿವರಿಸಿ ಅಚ್ಚು ಹಾಕಿಸಿದವರದು. ಆ ಹೆಸರಿನಲ್ಲಿ ಎರಡು ಭಾಗ. ಮೊದಲನೆಯದು ಕುಲದ ಹೆಸರು, ಮನೆತನದ ಹಾಗೆ. ಅದು ಆಗಲೇ ಇರುತ್ತದೆ. ಎರಡನೆಯದು ಆ ಜೀವಿಗೇ ಸೇರಿದ ಸ್ವಂತ ಹೆಸರು. ಅದಕ್ಕೆ ಯಾರದಾದರೂ ಹೆಸರನ್ನು ಇಡಬಹುದು, ಆದರೆ ತನ್ನ ಹೆಸರನ್ನು ತಾನೇ ಇಟ್ಟುಕೊಂಡರೆ ಮರ್ಯಾದೆಯಲ್ಲ. ಗಂಡಸಿನ ಹೆಸರಾದರೆ ಕೊನೆಗೆ ಒಂದು ‘ಇ’ ಸೇರಿಸಬೇಕು, ಹೆಂಗಸಿನದಾದರೆ ‘ಏ’. ಒಮ್ಮೆ ಅಚ್ಚಾಗಿ ಹೊರಬಿತ್ತೋ, ಮುಗಿಯಿತು. ಇಟ್ಟವರೇ ಬಂದು ಗೋಗರೆದರೂ ಹೆಸರು ಬದಲಾಗುವುದಿಲ್ಲ.

ಮೇಷ್ಟ್ರ ಹೆಂಡತಿಗೆ ಈ ಕಾನೂನೆಲ್ಲ ಬಾಯಿಪಾಠ. ಯಾಕೆಂದರೆ ಮದುವೆಯಾದ ಹೊಸದರಲ್ಲಿ, ಒಡವೆ ಅಂಗಡಿಯ ಗಾಜಿನ ಮುಂದೆ ಆಕೆ ಸುಮ್ಮನೆ ನಿಂತು ನೋಡುತ್ತಿದ್ದಾಗ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು. “ಬಂಗಾರ ಎಲ್ಲ ಗಂಡಂದಿರೂ ಕೊಡಿಸ್ತಾರೆ ಕಣೇ. ನಾನು ಹೊಸ ಜೀವಿ ಕಂಡುಹಿಡಿದು ಅದಕ್ಕೆ ನಿನ್ನ ಹೆಸರಿಡ್ತೀನಿ. ಲೋಕ ಇರೋವರೆಗೂ ಇರುತ್ತೆ.” ಆ ಮಾತನ್ನು ನಂಬಿ ಆಕೆ ಇಷ್ಟು ವರ್ಷ ಗಾಜಿನ ಬಳೆಯಲ್ಲೇ ಕಳೆದಿದ್ದರು.

“ಇವತ್ತು ತಾನೇ ಅಚ್ಚಾಗೋದು?” ಅಂದರು ಆಕೆ ಬೆಳಿಗ್ಗೆ, ಕಾಫಿ ಲೋಟ ಮುಂದಿಡುತ್ತ. “ಹುಳಕ್ಕೆ ನನ್ನ ಹೆಸರು ಹಾಕಿಯಾಯ್ತಾ?”

ಮೇಷ್ಟ್ರು ಕಾಫಿಯೊಳಗೆ ಮುಖ ಮುಳುಗಿಸಿದರು. ಹಾಕಿರಲಿಲ್ಲ. ಲೇಖನವೆಲ್ಲ ಸಂಗ್ರಹಾಲಯದ ಪತ್ರಿಕೆಯ ಮುದ್ರಣಕ್ಕೆ ಹೋಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಯಾಕೆಂದರೆ ಸಂಗ್ರಹಾಲಯದ ನಿರ್ದೇಶಕರಿಗೂ ಆ ಹುಳದ ಮೇಲೆ ಕಣ್ಣು ಬಿದ್ದಿತ್ತು. ‘ಇಲ್ಲ’ ಎಂದು ಇಬ್ಬರಲ್ಲಿ ಒಬ್ಬರಿಗೆ ಹೇಳಲೇಬೇಕು. ಹೇಳಿದ್ದರೆ ಅವರು ಮೇಷ್ಟ್ರೇ ಅಲ್ಲ. ಹುಟ್ಟಿದಾಗಿನಿಂದ ಅವರ ಬಾಯಲ್ಲಿ ‘ಇಲ್ಲ’ ಬಂದಿದ್ದಿಲ್ಲ. ಬರುತ್ತಿದ್ದದ್ದು ಒಂದೇ ಮಾತು.

“ಆಮೇಲೆ ಹೇಳ್ತೀನಿ,” ಅಂದರು.

“ಹೂಂ, ಗೊತ್ತಾಯ್ತು ಬಿಡಿ. ನನಗೆ ಹೇಳದೆ ಸಂಜೆ ತಂದು ತೋರಿಸಬೇಕು ಅಂತ ಆಸೆ ನಿಮಗೆ,” ಎಂದು ಆಕೆ ನಾಚಿ ಒಳಗೆ ಹೋದರು. ಬೈದಿದ್ದರೇ ವಾಸಿಯಾಗಿತ್ತು. ಮೇಷ್ಟ್ರು ಉಳಿದ ಕಾಫಿಯನ್ನು ಹಾಗೇ ಬಿಟ್ಟು ಎದ್ದರು.

ಮೆಟ್ಟಿಲು ಇಳಿಯುವಾಗ ಮಹಡಿ ಮನೆಯ ಅಜ್ಜಿ ಅಡ್ಡ ನಿಂತರು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಗೊತ್ತಾಗುತ್ತಿದ್ದದ್ದು ಈ ಅಜ್ಜಿಗೆ.

“ಮೇಷ್ಟ್ರೇ, ಹುಳಕ್ಕೆ ಹೆಸರು ಬೇಕಂತೆ? ನಮ್ಮ ತೀರಿಕೊಂಡ ಬೆಕ್ಕಿನ ಹೆಸರಿಡಿ. ಪುಣ್ಯಾತ್ಮ, ಬದುಕಿರೋವರೆಗೂ ಒಂದು ಹುಳಾನೂ ಬಿಟ್ಟವನಲ್ಲ.”

“ಅಜ್ಜಿ, ಅದು...”

“ಅವನಿಗೆ ಮಕ್ಕಳೂ ಆಗಲಿಲ್ಲ. ಹೆಸರಾದ್ರೂ ಉಳೀಲಿ. ಏನಂತೀರಿ?”

“ಆಮೇಲೆ ಹೇಳ್ತೀನಿ ಅಜ್ಜಿ,” ಎಂದು ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ತಪ್ಪಿಸಿಕೊಂಡರು.

ಕಚೇರಿಯಲ್ಲಿ ಪಕ್ಕದ ಮೇಜಿನ ಚಿಟ್ಟೆಯವರು ಕಾಯುತ್ತಲೇ ಇದ್ದರು. ಚಿಟ್ಟೆಗಳ ವಿಂಗಡಣೆ ಅವರ ಕೆಲಸ, ಬೇರೆಯವರ ಸಂಸಾರದ ವಿಂಗಡಣೆ ಹವ್ಯಾಸ.

“ಸ್ವಾಮಿ, ನದಿಯಾಚೆಯ ವಿಶ್ವವಿದ್ಯಾಲಯದವರಿಗೂ ಇದೇ ಹುಳ ಸಿಕ್ಕಿದೆಯಂತೆ. ನಾಳೆ ಅಚ್ಚು ಹಾಕಿಸ್ತಾರಂತೆ. ನಮ್ಮ ಪತ್ರಿಕೆ ಇವತ್ತು ಮಧ್ಯಾಹ್ನದ ಟಪಾಲಿಗೆ ಹೋಗದಿದ್ರೆ ನಿಮ್ಮ ಹುಳ ಅವರ ಪಾಲು. ಯಾರ ಹೆಸರು ಇಟ್ರಿ, ಮೇಡಮ್ಮೋರದ್ದೋ ಸಾಹೇಬರದ್ದೋ?”

“ಅದೇ ಯೋಚನೆ ಮಾಡ್ತಿದ್ದೀನಿ.”

“ಯೋಚನೆ ಯಾಕೆ? ಅರ್ಧ ಅವರದ್ದು, ಅರ್ಧ ಇವರದ್ದು ಸೇರಿಸಿಬಿಡಿ.”

ಮೇಷ್ಟ್ರು ಒಂದು ಕಾಗದದ ಮೇಲೆ ಸೇರಿಸಿಯೂ ನೋಡಿದರು. ಹೆಂಡತಿಯ ಹೆಸರಿನ ತಲೆಗೆ ಸಾಹೇಬರ ಹೆಸರಿನ ಬಾಲ ಅಂಟಿಸಿದರೆ ಕೆಮ್ಮಿನ ಔಷಧಿಯಂತೆ ಕೇಳಿಸಿತು. ತಿರುಗಿಸಿ ಹಾಕಿದರೆ ಭೇದಿಯ ಔಷಧಿ. ಕಾಗದವನ್ನು ಮುದುರಿ ಎಸೆದರು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಮೂಗು ಕಾಣಿಸಿತು. ಸ್ವಲ್ಪ ಹೊತ್ತಿನ ನಂತರ ಅದರ ಹಿಂದೆ ನಿರ್ದೇಶಕರು ಕಾಣಿಸಿದರು. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಮೂಗು ಅಷ್ಟುದ್ದ ಇದ್ದದ್ದರಿಂದ ಸಿಟ್ಟು ತುದಿ ತಲುಪಲು ಕೊಂಚ ಸಮಯ ಹಿಡಿಯುತ್ತಿತ್ತು. ಕಚೇರಿಯವರು ಬದುಕಿದ್ದದ್ದೇ ಆ ಸಮಯದಲ್ಲಿ.

“ಏನ್ರೀ ಮೇಷ್ಟ್ರೇ, ನನ್ನ ಹೆಸರನ್ನೇ ಇಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ?”

“ಛೆ ಛೆ, ಎಲ್ಲಾದ್ರೂ ಉಂಟೇ ಸಾರ್.”

“ಹೇಳೋದೂ ಇಲ್ಲ. ಅದು ನಿಮ್ಮ ಸ್ವಾತಂತ್ರ್ಯ. ಆದ್ರೆ ನೋಡಿ, ಕೀಟ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಇದೆ. ಕೆಳಗೆ ನೆಲಮಾಳಿಗೆಯಲ್ಲಿ ಹಾವಿನ ಬಾಟಲಿ ತೊಳೆಯೋ ಕೆಲಸಾನೂ ಖಾಲಿ ಇದೆ. ನಾನು ಸುಮ್ಮನೆ ಹೇಳಿದೆ, ಅಷ್ಟೆ.”

ಮೇಷ್ಟ್ರು ಹುಳ್ಳಗೆ ನಕ್ಕರು. ಆಗಲೇ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಹಿತ್ತಲ ಮುದ್ರಣ ಕೋಣೆಯಿಂದ ಅಚ್ಚಿನಕ್ಕ. ಪತ್ರಿಕೆಯ ಅಕ್ಷರ ಜೋಡಿಸುವುದರಿಂದ ಹಿಡಿದು ಕಟ್ಟು ಕಟ್ಟಿ ಟಪಾಲಿಗೆ ಹಾಕುವವರೆಗೆ ಎಲ್ಲ ಅವರದೇ ಕಾರುಬಾರು.

ಈ ಅಚ್ಚಿನಕ್ಕನಿಗೂ ಮೇಷ್ಟ್ರಿಗೂ ಹಿಂದೊಂದು ಸಲ ಜಗಳವಾಗಿತ್ತು. ಅಗಲ ತಲೆಯ ಒಂದು ಜೀರುಂಡೆಗೆ ಯಾರೋ ‘ಲೇಟಿಕಾಪಿಟಿಸ್’ ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಫೋನಿನಲ್ಲಿ ಅದನ್ನು ಹೇಳಿದಾಗ, ಇದ್ಯಾವುದೋ ಕ್ಯಾಂಟೀನಿಗೆ ಹೇಳಿದ ಲೇಟು ಕಾಪಿ-ಟೀ ಇರಬೇಕು ಎಂದುಕೊಂಡು ಅಕ್ಕ ಬಿಟ್ಟುಬಿಟ್ಟಿದ್ದರು. ಜೀರುಂಡೆ ಹೆಸರಿಲ್ಲದೆ ಅಚ್ಚಾಯಿತು. ಆವತ್ತು ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಕೂಗಾಡಿದ್ದರು. “ಅಕ್ಕಾ, ಹುಳದ ಹೆಸರಲ್ಲಿ ಅರ್ಥ ಹುಡುಕಬೇಡಿ! ನನ್ನ ಬಾಯಿಂದ ಏನು ಬರುತ್ತೋ ಅದನ್ನ ಕಿವಿಗೆ ಕೇಳಿದ ಹಾಗೇ ಲ್ಯಾಟಿನ್ ಅಕ್ಷರದಲ್ಲಿ ಜೋಡಿಸಿ, ಅಷ್ಟೇ ನಿಮ್ಮ ಕೆಲಸ!” ಅಕ್ಕ ಆ ಮಾತನ್ನು ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದರು.

“ಸಾರ್,” ಎಂದರು ಅಕ್ಕ, ಯಂತ್ರದ ಗಡಗಡ ಸದ್ದಿನ ನಡುವೆ, “ನಿಮ್ಮ ಲೇಖನದಲ್ಲಿ ಹುಳದ ಎರಡನೇ ಹೆಸರಿನ ಜಾಗ ಖಾಲಿ ಇದೆ. ಹೆಸರೇನು?”

ಮೇಷ್ಟ್ರು ತಲೆ ಎತ್ತಿದರು. ನಿರ್ದೇಶಕರ ಮೂಗು ಫೋನಿನ ತೀರ ಹತ್ತಿರಕ್ಕೆ ಬಂದಿತ್ತು. ಇನ್ನೊಂದು ಗೇಣು ಮುಂದೆ ಬಂದರೆ ಅದೇ ಉತ್ತರ ಕೊಡುವ ಹಾಗಿತ್ತು.

“ಆಮೇಲೆ ಹೇಳ್ತೀನಿ,” ಅಂದರು.

“ಏನ್ ಸಾರ್? ಕೇಳಿಸಲಿಲ್ಲ!”

“ಆಮೇಲೆ ಹೇಳ್ತೀನಿ!” ಎಂದು ಕೂಗಿ ಫೋನಿಟ್ಟರು.

ನಿರ್ದೇಶಕರಿಗೆ ಸಮಾಧಾನವಾಯಿತು. ತಮ್ಮೆದುರಿಗೇ ತಮ್ಮ ಹೆಸರು ಹೇಳಲು ನಾಚಿಕೊಂಡರು ಎಂದು ತಿಳಿದರು. “ಇರಲಿ, ಇರಲಿ. ಎಲ್ಲಿ, ಹುಳ ತೋರಿಸಿ ನೋಡೋಣ,” ಎಂದು ಕುರ್ಚಿ ಎಳೆದುಕೊಂಡರು.

ಮೇಷ್ಟ್ರು ಡಬ್ಬಿಯಿಂದ ಹುಳವನ್ನು ತೆಗೆದು ಬಿಳಿಯ ಕಾಗದದ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು. ಮೇಷ್ಟ್ರ ಬಳಿ ಇದ್ದದ್ದು ಅದೊಂದೇ ಹುಳ. ಹೆಸರೆಲ್ಲ ನಿಂತಿದ್ದದ್ದು ಅದರ ಮೇಲೆಯೇ. ನಾಳೆ ಯಾರಾದರೂ ‘ಎಲ್ಲಿ ಆ ಹುಳ’ ಎಂದರೆ ತೋರಿಸಲು ಅದು ಇರಲೇಬೇಕು. ನಿರ್ದೇಶಕರು ಬಗ್ಗಿದರು. ಕಣ್ಣು ಗಾಜಿಗೆ ತಾಗುವ ಮೊದಲು ಮೂಗು ಮೇಜಿಗೆ ತಾಗಿತು. ತಲೆಯನ್ನು ಓರೆ ಮಾಡಿ, ಮೂಗಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಹೇಗೋ ನೋಡಿದರು.

“ಆಹಾ! ಎಂಥಾ ಮೂತಿ! ಎಂಥಾ ಗಾಂಭೀರ್ಯ! ಇಂಥ ಮೂತಿ ಇರೋದಕ್ಕೆ ಯೋಗ್ಯತೆ ಬೇಕು ಕಣ್ರೀ.”

ಡಬ್ಬಿಯಲ್ಲಿ ನುಸಿಗುಳಿಗೆ ಇತ್ತು. ಅದರ ಘಾಟು ಅಷ್ಟು ದೊಡ್ಡ ಮೂಗಿಗೆ ಅಷ್ಟೇ ದೊಡ್ಡದಾಗಿ ಹೋಗಿರಬೇಕು. ನಿರ್ದೇಶಕರ ಮುಖ ಮೊದಲು ಕೆಂಪಾಯಿತು, ಆಮೇಲೆ ಅಗಲವಾಯಿತು.

“ಸಾರ್, ಬೇಡ!” ಎಂದು ಮೇಷ್ಟ್ರು ಕೈ ಅಡ್ಡ ಹಿಡಿಯುವಷ್ಟರಲ್ಲಿ, “ಆ... ಆ... ಆಕ್ಷೀ!”

ಕಾಗದ ಹಾರಿತು. ಚಿಟ್ಟೆಯವರ ಮೇಜಿನ ಚೀಟಿಗಳು ಹಾರಿದವು. ಸತ್ತು ಎಷ್ಟೋ ವರ್ಷವಾಗಿದ್ದ ನಾಲ್ಕಾರು ಚಿಟ್ಟೆಗಳೂ ಹಾರಿದವು. ಹುಳ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೂವರೂ ನೆಲಕ್ಕೆ ಬಿದ್ದು ಹುಡುಕತೊಡಗಿದರು. ಎಳ್ಳಿನಷ್ಟಿದ್ದದ್ದೆಲ್ಲ ಹುಳವಾಗಿ ಕಂಡಿತು: ಒಂದು ಸಾಸಿವೆ, ಒಂದು ಅಂಗಿಗುಂಡಿಯ ಚೂರು, ಬಿಸ್ಕತ್ತಿನ ಪುಡಿ. ಚಿಟ್ಟೆಯವರು ತಾವು ಹಿಂದೆ ಕಳೆದುಕೊಂಡಿದ್ದ ಹಲ್ಲಿನ ಸಿಮೆಂಟನ್ನು ಕಂಡುಹಿಡಿದರು. ಹೊತ್ತು ಹೋಗುತ್ತಲೇ ಇತ್ತು.

ಮೇಜಿನ ಕೆಳಗೆ, ಧೂಳಿನಲ್ಲಿ ಮಂಡಿಯೂರಿದ್ದ ಮೇಷ್ಟ್ರ ಮುಂದೆ ನಿರ್ದೇಶಕರ ಮಿರಮಿರ ಬೂಟು ಬಂದು ನಿಂತಿತು. ಯಾಕೋ ಅವರಿಗೆ ಹೆಂಡತಿಯ ಗಾಜಿನ ಬಳೆ ನೆನಪಾಯಿತು. ಬೆಳಿಗ್ಗೆ ಆಕೆ ನಾಚಿಕೊಂಡು ಒಳಗೆ ಹೋದದ್ದು ನೆನಪಾಯಿತು. ‘ಛೆ, ನಾನೂ ಒಬ್ಬ ಗಂಡಸೇ! ಒಂದು ಹುಳಕ್ಕಿರುವಷ್ಟಾದರೂ ಬೆನ್ನು ಬೇಡವೇ ನನಗೆ? ಹಾವಿನ ಬಾಟಲಿ ತೊಳೆಯಬೇಕಾದರೆ ತೊಳೆದರಾಯಿತು. ಹುಳಕ್ಕೆ ಅವಳ ಹೆಸರೇ!’ ಹುಳಕ್ಕೆ ಬೆನ್ನುಮೂಳೆ ಇರುವುದಿಲ್ಲ ಎಂಬುದು ಕೂಡ ಆ ಆವೇಶದಲ್ಲಿ ಅವರಿಗೆ ಹೊಳೆಯಲಿಲ್ಲ.

“ಸಾರ್, ಅಲ್ಲಾಡಬೇಡಿ,” ಎಂದರು ಚಿಟ್ಟೆಯವರು ಇದ್ದಕ್ಕಿದ್ದಂತೆ.

“ಯಾಕ್ರೀ?”

“ಹುಳ ನಿಮ್ಮ ಮೂಗಿನ ಮೇಲೇ ಇದೆ.”

ಇತ್ತು. ಮೂಗಿನ ನಟ್ಟನಡುವೆ, ಮೂತಿ ಮುಂದೆ ಮಾಡಿಕೊಂಡು, ತವರಿಗೆ ಬಂದಷ್ಟು ನೆಮ್ಮದಿಯಾಗಿ ಕೂತಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು, ಸಣ್ಣ ಕುಂಚದಿಂದ ಅದನ್ನು ಎತ್ತಿ ಡಬ್ಬಿಗೆ ಹಾಕಿದರು. ಹಾಕಿದವರೇ ಯಾರ ಮುಖವನ್ನೂ ನೋಡದೆ ಮುದ್ರಣ ಕೋಣೆಯ ಕಡೆ ಓಡಿದರು. ಫೋನಿನಲ್ಲಿ ಹೇಳಿದರೆ ನಿರ್ದೇಶಕರಿಗೆ ಕೇಳಿಸುತ್ತಿತ್ತಲ್ಲ!

ಕಾರಿಡಾರಿನುದ್ದಕ್ಕೂ ಹೆಂಡತಿಯ ಹೆಸರನ್ನೇ ಜಪಿಸುತ್ತ ಓಡಿದರು. ಕೊನೆಯ ‘ಏ’ಕಾರವನ್ನು ಎಳೆದು ಎಳೆದು ಹೇಳಿಕೊಂಡರು. ಎದುರಿಗೆ ಬಂದ ಕಾವಲುಗಾರ, ಯಾರನ್ನೋ ಕರೆಯುತ್ತಿದ್ದಾರೆ ಎಂದು ಹಿಂದಿರುಗಿ ನೋಡಿದ.

ಮುದ್ರಣ ಕೋಣೆಯ ಬಾಗಿಲಿಗೆ ಬಂದು ನಿಂತರು. ಗಡಗಡ ಸದ್ದಿರಲಿಲ್ಲ. ಯಂತ್ರ ತಣ್ಣಗಾಗಿತ್ತು. ಅಚ್ಚಿನಕ್ಕ ಕೈ ಒರೆಸಿಕೊಳ್ಳುತ್ತ ನಗುನಗುತ್ತ ಎದ್ದು ಬಂದರು.

“ಎಲ್ಲ ಮುಗೀತು ಸಾರ್! ಟಪಾಲಿನ ಗಾಡೀನೂ ಹೋಯ್ತು. ನದಿಯಾಚೆಯವರಿಗಿಂತ ಒಂದು ದಿನ ಮೊದಲು!”

“ಹೋಯ್ತಾ? ಹೆಸರು... ಹೆಸರಿಲ್ಲದೆ ಹೋಯ್ತಾ ಅಕ್ಕಾ?”

“ಹೆಸರಿಲ್ಲದೆ ಕಳಿಸ್ತೀನಾ ಸಾರ್? ಒಂದ್ಸಲ ಬೈಸಿಕೊಂಡಿದ್ದು ಸಾಲದಾ? ನೀವು ಹೇಳಿದ ಹಾಗೇ ಹಾಕಿದ್ದೀನಿ. ಒಂದಕ್ಷರ ನನ್ನ ತಲೆ ಓಡಿಸಿಲ್ಲ.” ಅಕ್ಕ ಹೆಮ್ಮೆಯಿಂದ ಒಂದು ಪ್ರತಿ ಬಿಡಿಸಿ ತೋರಿಸಿದರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. ಕುಲದ ಹೆಸರು ಸರಿಯಾಗಿಯೇ ಇತ್ತು. ಅದರ ಮುಂದೆ, ಓರೆಯಾದ ಚೆಂದದ ಲ್ಯಾಟಿನ್ ಅಕ್ಷರಗಳಲ್ಲಿ ಒಂದು ಉದ್ದನೆಯ ಹೆಸರಿತ್ತು. ‘ಅಮೆಲೆಹೆಲ್ತಿನಿ.’

“ಇದ್ಯಾರು?” ಎಂದರು ಮೇಷ್ಟ್ರು.

“ನನಗೇನು ಗೊತ್ತು ಸಾರ್? ಯಾರೋ ದೊಡ್ಡ ವಿಜ್ಞಾನಿ ಇರಬೇಕು. ಒಂದೇ ಪದಾನಾ, ಎರಡಾ ಅಂತ ಕೇಳೋಷ್ಟರಲ್ಲಿ ನೀವು ಫೋನಿಟ್ಟುಬಿಟ್ರಿ. ಎರಡನೇ ಹೆಸರು ಯಾವಾಗ್ಲೂ ಒಂದೇ ಪದ ಅಂತ ನೀವೇ ಹೇಳಿಕೊಟ್ಟಿದ್ದು ನೆನಪಾಯ್ತು. ಸೇರಿಸಿಬಿಟ್ಟೆ.”

ಮೇಷ್ಟ್ರು ಅದನ್ನು ಇನ್ನೊಮ್ಮೆ ಓದಿದರು. ಮನಸ್ಸಿನಲ್ಲಿ ಓದಿದರು, ತುಟಿ ಅಲ್ಲಾಡಿಸಿ ಓದಿದರು, ಕೊನೆಗೆ ಬಾಯಿಬಿಟ್ಟು ಓದಿದರು. ಆಗ ಅರ್ಥವಾಯಿತು. ಹತ್ತಿರದಲ್ಲಿದ್ದ ಕಾಗದದ ಕಟ್ಟಿನ ಮೇಲೆ ಕುಸಿದು ಕೂತರು.

“ಚೆನ್ನಾಗಿಲ್ವಾ ಸಾರ್? ಕೇಳೋಕೆ ಗಂಭೀರವಾಗಿದೆ ಅಂತ ನನಗೆ ಖುಷಿಯಾಯ್ತು.”

“ಚೆನ್ನಾಗಿದೆ ಅಕ್ಕಾ,” ಎಂದರು ಮೇಷ್ಟ್ರು. ಇನ್ನೇನು ಹೇಳಿಯಾರು? ಕೇಳಿದ ಹಾಗೇ ಜೋಡಿಸಿ ಎಂದವರು ತಾವೇ. ಅಚ್ಚಾಯಿತು, ಹೊರಬಿತ್ತು. ಇನ್ನು ಲೋಕ ಇರುವವರೆಗೂ ಆ ಹುಳ ‘ಆಮೇಲೆ ಹೇಳ್ತೀನಿ’ಯೇ.

ಅವರು ಹಿಂದಿರುಗುವಷ್ಟರಲ್ಲಿ ಒಂದು ಪ್ರತಿ ನಿರ್ದೇಶಕರ ಕೈ ಸೇರಿತ್ತು. ಸಿಟ್ಟು ಆಗಲೇ ಮೂಗಿನ ಮುಕ್ಕಾಲು ದಾರಿ ದಾಟಿತ್ತು.

“ಕೊನೆಗೆ ‘ಇ’ ಇದೆ. ಅಂದ್ರೆ ಗಂಡಸು. ಯಾರ್ರೀ ಇವನು ಹೆಲ್ತಿನ್? ನದಿಯಾಚೆಯವರ ಹೊಸ ನಿರ್ದೇಶಕನಾ?”

“ಯಾರೂ ಅಲ್ಲ ಸಾರ್...”

“ಓಹೋ! ಯಾರೂ ಅಲ್ಲದವನ ಹೆಸರಾದ್ರೂ ಆದೀತು, ನನ್ನ ಹೆಸರು ಬೇಡವಾಯ್ತು! ಅದೂ ಮೂಗಿನ ಮೇಲೆ ಕೂರಿಸಿಕೊಂಡು ಕಾಪಾಡಿದೆನಲ್ರೀ ನಿಮ್ಮ ಹುಳಾನ!” ಸಿಟ್ಟು ತುದಿ ತಲುಪಿತು. “ನಾಳೆಯಿಂದ ನೆಲಮಾಳಿಗೆ! ಹಾವಿನ ಬಾಟಲಿ!”

ಸಂಜೆ ಮನೆಗೆ ನಡೆಯುತ್ತ ಮೇಷ್ಟ್ರು ಒಂದು ಶಪಥ ಮಾಡಿದರು. ಇನ್ನು ಮೇಲೆ ಯಾರು ಏನೇ ಕೇಳಲಿ, ಆ ಕ್ಷಣಕ್ಕೆ, ಅಲ್ಲೇ, ನಿಜವನ್ನು ನೇರವಾಗಿ ಹೇಳಿಬಿಡುವುದು. ಈ ಹಾಳು ‘ಆಮೇಲೆ’ ಇನ್ನು ಬಾಯಿಗೆ ಬರಕೂಡದು. ಹೆಂಡತಿ ಒಳ್ಳೆಯವಳು. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಬೈಯುತ್ತಾಳೆ, ಅಳುತ್ತಾಳೆ, ಕೊನೆಗೆ ನಕ್ಕೂ ಬಿಡಬಹುದು.

ಆದರೆ ಅವರಿಗಿಂತ ಮೊದಲೇ ಚಿಟ್ಟೆಯವರ ಫೋನು ಮನೆ ತಲುಪಿತ್ತು. ಮನೆಯ ಬಾಗಿಲಲ್ಲಿ ಹೆಂಡತಿ ಸೆರಗು ಬಿಗಿದು ನಿಂತಿದ್ದರು. ಪಕ್ಕದಲ್ಲಿ, ಸಾಕ್ಷಿ ಹೇಳಲು ಬಂದವರಂತೆ ಮಹಡಿ ಅಜ್ಜಿ.

“ಯಾರ್ರೀ ಅವಳು?” ಅಂದರು ಹೆಂಡತಿ.

“ಯಾರು?”

“ಅಮೆಲಿ! ಅಮೆಲಿ ಹೆಲ್ತಿನಿ! ಚಿಟ್ಟೆಯವರು ಬಿಡಿಸಿ ಬಿಡಿಸಿ ಹೇಳಿದ್ರು.”

“ಪರದೇಶದವಳಿರಬೇಕಮ್ಮ,” ಎಂದರು ಅಜ್ಜಿ. “ಹೆಸರು ಕೇಳಿದ್ರೇ ಗೊತ್ತಾಗುತ್ತೆ, ಕೂದಲು ಕತ್ತರಿಸಿಕೊಂಡಿರೋಳು.”

“ಏ, ಹೆಂಗಸಲ್ಲ ಕಣೇ! ಕೊನೆಗೆ ‘ಇ’ ಇದೆ ನೋಡು. ನಿನಗೇ ಗೊತ್ತಲ್ಲ, ‘ಇ’ ಬಂದರೆ ಗಂಡಸಿನ ಹೆಸರು ಅಂತ.”

“ಅಂದ್ರೆ ಅವಳ ಅಪ್ಪನ ಪರಿಚಯಾನೂ ಆಗಿದೆ ಅನ್ನಿ!” ಹೆಂಡತಿಯ ಕಣ್ಣು ತುಂಬಿ ಬಂತು. “ಇಷ್ಟು ವರ್ಷ ಒಂದೆಳೆ ಸರ ಕೇಳಲಿಲ್ಲ ನಾನು. ಒಂದು ಹುಳ, ಒಂದೇ ಒಂದು ಹುಳ ಕೇಳಿದ್ದು. ಅದೂ ಅವಳ ಪಾಲಾಯ್ತಾ? ನಿಮ್ಮ ಬಾಯಿಂದ್ಲೇ ಕೇಳ್ಬೇಕು ನಾನು. ಆ ಹುಳಕ್ಕೆ ಇಟ್ಟ ಹೆಸರಿನ ಅರ್ಥ ಏನು? ನಿಜ ಹೇಳಿ.”

ಮೇಷ್ಟ್ರಿಗೆ ಶಪಥ ನೆನಪಾಯಿತು. ಎದೆ ನೆಟ್ಟಗೆ ಮಾಡಿಕೊಂಡರು. ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು, ಜೀವಮಾನದಲ್ಲಿ ಮೊದಲ ಸಲ, ತಡಮಾಡದೆ, ಅಳುಕದೆ, ಅಪ್ಪಟ ನಿಜವನ್ನು ಹೇಳಿದರು.

“ಆಮೇಲೆ ಹೇಳ್ತೀನಿ.”

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು.

“ಆಮೇಲೆ ಯಾಕೆ? ಈಗಲೇ ಹೇಳಿ!”

“ಈಗಲೇ ಹೇಳ್ತಿದ್ದೀನಲ್ಲೇ! ಅದೇ, ಆಮೇಲೆ ಹೇಳ್ತೀನಿ! ಆಮೇಲೆ ಹೇಳ್ತೀನಿ ಅಂದ್ರೆ ಆಮೇಲೆ ಹೇಳ್ತೀನಿ ಅಂತಲೇ ಅರ್ಥ!”

ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿಸಿತು.

“ನಮ್ಮ ಬೆಕ್ಕಿನ ಹೆಸರಿಟ್ಟಿದ್ರೆ ಈ ಗಲಾಟೆ ಇರ್ತಿತ್ತಾ?” ಎಂದು ಅಜ್ಜಿ ಮೆಟ್ಟಿಲು ಹತ್ತಿ ಹೋದರು.

ಮೇಷ್ಟ್ರು ಬಾಗಿಲು ಬಡಿದರು. ಇನ್ನೊಮ್ಮೆ ಬಡಿದರು. ಕೊನೆಗೆ ಬಾಗಿಲಿಗೆ ಹಣೆ ಒತ್ತಿಕೊಂಡು ದೀನರಾಗಿ ಕೇಳಿದರು.

“ಏ, ಬಾಗಿಲು ಯಾವಾಗ ತೆಗೀತೀಯೇ?”

ಒಳಗಿನಿಂದ ಉತ್ತರ ಬಂತು.

“ಆಮೇಲೆ ಹೇಳ್ತೀನಿ!”